ಗಿಟಾರಿನಿಂದ ಕಂಪ್ಯೂಟರಿಗೆ ಮಿಡಿ: ಕಾರ್ಡ್ ಬಾರಿಸಿದರೆ ಅಪಸ್ವರ, ಸ್ವರ ನಿಲ್ಲುವುದಿಲ್ಲ, ಬೇಸ್ ತಡವಾಗಿ ಬರುತ್ತದೆ

ಕುಲಶೇಖರ ಕೋರಸ್

ಕೊಂಕಣಿ ಮತ್ತು ತುಳು ಹಾಡುಗಳ ಟ್ರ್ಯಾಕಿಗೆ ಸ್ಟ್ರಿಂಗ್ಸ್ (ವಯಲಿನ್ ಮೇಳ), ಕೊಳಲು, ಬೇಸ್ ಇಷ್ಟನ್ನೂ ಗಿಟಾರಿನಲ್ಲೇ ನುಡಿಸಿ ಮಿಡಿಯಾಗಿ (ಸದ್ದಲ್ಲ, ಯಾವ ಸ್ವರ, ಎಷ್ಟು ಜೋರು ಎಂಬ ಸಂದೇಶವಾಗಿ) ರೆಕಾರ್ಡ್ ಮಾಡಬೇಕು. ಸಾಮಾನು ಹೀಗುಂಟು: ರೋಲ್ಯಾಂಡ್ ಜಿಕೆ-3 (ಆರು ತಂತಿಯನ್ನೂ ಬೇರೆ ಬೇರೆ ಹಿಡಿಯುವ) ಪಿಕಪ್ ಕೂರಿಸಿದ ಸ್ಟೀಲ್ ತಂತಿಯ ಎಲೆಕ್ಟ್ರಿಕ್ ಗಿಟಾರ್, ತಂತಿ 10–46 ಸೆಟ್. ಅದರಿಂದ 13 ಪಿನ್ ಕೇಬಲಿನಲ್ಲಿ ಸೆಕೆಂಡ್ ಹ್ಯಾಂಡ್ ಜಿಆರ್-33, ತಂತಿಯ ಕಂಪನವನ್ನು ಮಿಡಿ ಮಾಡುವ ಪೆಟ್ಟಿಗೆ. ಅದರ 5 ಪಿನ್ ಮಿಡಿ ಔಟ್‌ನಿಂದ ಬ್ರಾಂಡ್ ಹೆಸರಿಲ್ಲದ ಅಗ್ಗದ ಯುಎಸ್‌ಬಿ ಮಿಡಿ ಕೇಬಲ್. ವಿಂಡೋಸ್ ಲ್ಯಾಪ್‌ಟಾಪ್, ರೆಕಾರ್ಡ್ ಮಾಡಲು ರೀಪರ್, ವಾದ್ಯದ ಸದ್ದಿಗೆ ಸರ್ಜ್ ಎಕ್ಸ್‌ಟಿ ಸಿಂಥ್ ಮತ್ತು ಕಾಂಟ್ಯಾಕ್ಟ್ ಪ್ಲೇಯರ್. ಆಡಿಯೊಗೆ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್.

ತೊಂದರೆ ಮೂರು. ಒಂದೊಂದೇ ಸ್ವರ ನುಡಿಸಿದರೆ ಸರಿ ಕೇಳ್ತದೆ, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದ ಕೂಡಲೇ ಇಡೀ ಕಾರ್ಡ್ ಅಲುಗಾಡಿ ಶ್ರುತಿ ಬಿಡ್ತದೆ. ವೇಗವಾಗಿ ನುಡಿಸಿದರೆ ಕೆಲವು ಸ್ವರ ನಿಲ್ಲುವುದೇ ಇಲ್ಲ. ಆರನೇ ತಂತಿಯಲ್ಲಿ ಬೇಸ್ ನುಡಿಸಿದರೆ ತಾಳಕ್ಕಿಂತ ಹಿಂದೆ ಬೀಳ್ತದೆ. ಯಾವುದನ್ನು ಮೊದಲು ನೋಡಬೇಕು?

ಆರನೇ ತಂತಿ, ಬಿಜೈ

ಮೊದಲು ಕಾರ್ಡಿನದ್ದು ನೋಡುವ. ಅದು ಸರಿಯಾಗದೆ ಉಳಿದದ್ದು ಸರಿ ಮಾಡಿ ಪ್ರಯೋಜನ ಇಲ್ಲ.

ಮಿಡಿಯಲ್ಲಿ ಪಿಚ್ ಬೆಂಡ್, ಅಂದರೆ ಶ್ರುತಿ ಏರಿಳಿಸುವ ಸಂದೇಶ, ಎನ್ನುವುದು ಒಂದೊಂದು ಸ್ವರಕ್ಕೆ ಅಲ್ಲ, ಇಡೀ ಚಾನೆಲಿಗೆ. ಗಿಟಾರಿನಲ್ಲಿ ಆರು ತಂತಿಗೂ ಬೇರೆ ಬೇರೆ ಬೆಂಡ್ ಉಂಟು. ಬೇಕೆಂದೇ ಎಳೆಯದಿದ್ದರೂ ಬೆರಳು ಒತ್ತಿದ ಭಾರಕ್ಕೆ ಒಂದು ತಂತಿ 10 ಸೆಂಟ್ (ಅರ್ಧಸ್ವರದ, ಅಂದರೆ ಸೆಮಿಟೋನಿನ, ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಮೇಲೆ ಹೋಗ್ತದೆ, ಇನ್ನೊಂದು ಹೋಗುವುದಿಲ್ಲ. ಹಾಗಾಗಿ ಗಿಟಾರಿಗೆ ಮೊನೊ ಮೋಡ್ ಎಂದು ಒಂದು ವ್ಯವಸ್ಥೆ ಉಂಟು. ಒಂದನೇ ತಂತಿ ಒಂದನೇ ಚಾನೆಲಿನಲ್ಲಿ, ಎರಡನೆಯದು ಎರಡರಲ್ಲಿ, ಹೀಗೆ ಆರು ತಂತಿಗೆ ಸಾಲಾಗಿ ಆರು ಚಾನೆಲ್. ನಿಮ್ಮ ಜಿಆರ್-33 ಈಗ ಹೀಗೆಯೇ ಕಳಿಸುತ್ತಿದೆ. ಆದರೆ ರೀಪರಿನಲ್ಲಿ ಒಂದೇ ಟ್ರ್ಯಾಕ್, ಆಲ್ ಚಾನೆಲ್ಸ್, ಒಂದೇ ವಾದ್ಯ. ಆರೂ ತಂತಿಯ ಬೆಂಡ್ ಒಂದೇ ವಾದ್ಯದ ಮೇಲೆ ಬೀಳ್ತದೆ. ಕಾರ್ಡ್ ಅಲುಗಾಡುವುದು ಅದಕ್ಕೇ.

ಪರಿಹಾರ ಎರಡು ಬಗೆಯದ್ದು. ಸಿಂಥ್‌ನಲ್ಲಿ ಎಂಪಿಇ (ಪ್ರತಿ ಸ್ವರಕ್ಕೆ ಬೇರೆ ಚಾನೆಲ್ ಕೊಡುವ ಮಿಡಿ ಪದ್ಧತಿ) ಉಂಟೋ ಇಲ್ಲವೋ ಎಂಬುದರ ಮೇಲೆ ಹೋಗ್ತದೆ.

ಸರ್ಜ್ ಎಕ್ಸ್‌ಟಿಯಲ್ಲಿ ಎಂಪಿಇ ಉಂಟು. ಎಂಪಿಇಯಲ್ಲಿ ಒಂದನೇ ಚಾನೆಲ್ ಎಲ್ಲಕ್ಕೂ ಸೇರಿದ ಸಾಮಾನ್ಯ ಚಾನೆಲ್, ಸ್ವರಗಳು ಎರಡರಿಂದ ಮೇಲೆ. ಆದ್ದರಿಂದ ಜಿಆರ್-33ರ ಸಿಸ್ಟಮ್ ಪುಟದಲ್ಲಿ ಮಿಡಿ ಬೇಸಿಕ್ ಚಾನೆಲನ್ನು 2 ಮಾಡಿ. ತಂತಿಗಳು 2ರಿಂದ 7ರವರೆಗೆ ಕೂರ್ತವೆ. ಸರ್ಜ್‌ನಲ್ಲಿ ಎಂಪಿಇ ಗುಂಡಿ ಒತ್ತಿ. ಆಮೇಲೆ ಆ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಬೆಂಡ್ ರೇಂಜ್ 48 ಸೆಮಿಟೋನ್ ಇದ್ದದ್ದನ್ನು 12ಕ್ಕೆ ಇಳಿಸಿ. ಜಿಆರ್-33ರಲ್ಲೂ ಬೆಂಡ್ ರೇಂಜ್ 12 ಇರಲಿ. ಎರಡು ಕಡೆಯ ಸಂಖ್ಯೆ ಒಂದೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಗಿಟಾರ್ ಕಡೆ 12, ಸಿಂಥ್ ಕಡೆ 48 ಇದ್ದರೆ ಬೆರಳಿನ ಭಾರದ ಆ 10 ಸೆಂಟ್ ಸಿಂಥ್‌ನಲ್ಲಿ 40 ಸೆಂಟ್ ಆಗಿ ಕೇಳ್ತದೆ. ಸಿಂಥ್ ಕಡೆ 2 ಇದ್ದರೆ ನೀವು ಒಂದು ಪೂರ್ತಿ ಸ್ವರ ಎಳೆದರೂ ಅದು ಮಿಸುಕಿದಷ್ಟೇ ಕೇಳ್ತದೆ.

ಕಾಂಟ್ಯಾಕ್ಟ್‌ನ ಸ್ಟ್ರಿಂಗ್ಸಿಗೆ ಬೇರೆ ದಾರಿ. ಒಂದೇ ಕಾಂಟ್ಯಾಕ್ಟ್ ಕಿಟಕಿಯಲ್ಲಿ ಅದೇ ವಾದ್ಯವನ್ನು ಆರು ಸಲ ಲೋಡ್ ಮಾಡಿ, ಒಂದೊಂದಕ್ಕೆ ಒಂದೊಂದು ಚಾನೆಲ್ ಕೊಡಿ. ಬೇಸಿಕ್ ಚಾನೆಲ್ 2 ಅಂತ ಇಟ್ಟಿದ್ದರೆ ಇಲ್ಲೂ 2ರಿಂದ 7. ಪ್ರತಿ ವಾದ್ಯದಲ್ಲೂ ಬೆಂಡ್ 12 ಮಾಡಬೇಕು. ಬೆಂಡ್ ಬದಲಿಸಲು ಬಿಡದ ಲೈಬ್ರರಿ ಇದ್ದರೆ ಗಿಟಾರ್ ಕಡೆಯಲ್ಲಿ ಬೆಂಡ್ ಕಳಿಸದೆ ಕ್ರೊಮ್ಯಾಟಿಕ್ (ಸೆಮಿಟೋನಿನ ಮೆಟ್ಟಿಲಲ್ಲೇ ಸ್ವರ ಕಳಿಸುವ ಮೋಡ್) ಇಟ್ಟು ನುಡಿಸಿ. ಪ್ಯಾಡ್, ಆರ್ಗನ್, ಪಿಯಾನೊ ಇಂಥದ್ದಕ್ಕೆ ಹೇಗೂ ಕ್ರೊಮ್ಯಾಟಿಕ್ ಒಳ್ಳೆಯದು. ಪಿಯಾನೊದಲ್ಲಿ ಬೆಂಡ್ ಕೇಳಿದರೆ ಅದು ಪಿಯಾನೊ ಅಂತ ಯಾರೂ ನಂಬುವುದಿಲ್ಲ.

ಒಮ್ಮೆ ಸರಿಯಾದ ಮೇಲೆ ಇಡೀ ಟ್ರ್ಯಾಕನ್ನು ಟ್ರ್ಯಾಕ್ ಟೆಂಪ್ಲೇಟ್ ಆಗಿ ಉಳಿಸಿ. ಪ್ರತಿ ಹಾಡಿಗೂ ಮೊದಲಿಂದ ಮಾಡುವ ಕೆಲಸ ಅಲ್ಲ ಇದು.

ಸುರತ್ಕಲ್ ಸೋಲ್ಡರ್

ಸ್ವರ ನಿಲ್ಲದಿರುವುದಕ್ಕೆ ನನ್ನ ಅನುಮಾನ ಆ ಹೆಸರಿಲ್ಲದ ಕೇಬಲಿನ ಮೇಲೆ.

ಕೀಬೋರ್ಡಿಗೆ ಅಂಥ ಕೇಬಲ್ ನಡೆದೀತು. ಗಿಟಾರಿನಿಂದ ಬರುವ ಬೆಂಡ್ ಸಂದೇಶದ ರಾಶಿ ಕೀಬೋರ್ಡಿನದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಗ್ಗದ ಕೇಬಲಿನ ಚಿಪ್ಪಿನಲ್ಲಿ ತಾತ್ಕಾಲಿಕ ಸಂಗ್ರಹ ಚಿಕ್ಕದು, ತುಂಬಿದರೆ ಸಂದೇಶ ಬಿದ್ದು ಹೋಗ್ತದೆ. ಬಿದ್ದದ್ದು ಬೆಂಡ್ ಆದರೆ ಗೊತ್ತಾಗುವುದಿಲ್ಲ, ನೋಟ್ ಆಫ್ (ಸ್ವರ ನಿಲ್ಲಿಸುವ ಸಂದೇಶ) ಆದರೆ ಸ್ವರ ನಿಲ್ಲದೆ ಹಾಗೇ ಉಳಿದುಬಿಡ್ತದೆ. ಕೆಲವು ಕೇಬಲಿನಲ್ಲಿ ಮಿಡಿ ಇನ್ ಬದಿಗೆ ಇರಲೇಬೇಕಾದ ಆಪ್ಟೊ ಐಸೊಲೇಟರನ್ನೂ ಬಿಟ್ಟಿರ್ತಾರೆ. ಆಗ ಜಿಆರ್-33 ಮತ್ತು ಲ್ಯಾಪ್‌ಟಾಪಿನ ಗ್ರೌಂಡ್ ಒಂದಾಗಿ ಗುಂಯ್ ಶಬ್ದ ಸೇರುವ ಸಾಧ್ಯತೆ ಬೇರೆ.

ಊಹೆಯಲ್ಲಿ ಕೇಬಲ್ ಬದಲಿಸಬೇಡಿ, ಪರೀಕ್ಷೆ ಮಾಡಿ. ರೀಪರ್ ಮುಚ್ಚಿ. ಸಾಮಾನ್ಯ ವಿಂಡೋಸ್ ಮಿಡಿ ಡ್ರೈವರಿನಲ್ಲಿ ಒಂದು ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು. ಎರಡು ತೆರೆದಿಟ್ಟು ಒಂದರಲ್ಲಿ ಎಂತದೂ ಬರುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ತುಂಬ ಮಂದಿ. ಆಮೇಲೆ ಮಿಡಿ-ಆಕ್ಸ್ (ಬರುವ ಮಿಡಿ ಸಂದೇಶ ತೋರಿಸುವ ಪ್ರೋಗ್ರಾಂ) ತೆರೆದು ಇನ್‌ಪುಟ್‌ಗೆ ಆ ಕೇಬಲ್ ಆಯ್ದುಕೊಳ್ಳಿ. ಬೇಸಿಕ್ ಚಾನೆಲ್ 1 ಇಟ್ಟು ಬಿಡಿ ಆರನೇ ತಂತಿ ಮೀಟಿದರೆ 95 28 64 ಎಂಬಂಥ ಸಾಲು ಬರಬೇಕು. 9 ಅಂದರೆ ನೋಟ್ ಆನ್. 5 ಅಂದರೆ ಆರನೇ ಚಾನೆಲ್, ಯಾಕೆಂದರೆ ಎಣಿಕೆ ಸೊನ್ನೆಯಿಂದ ಶುರು. 28 ಹದಿನಾರರ ಎಣಿಕೆಯಲ್ಲಿ, ನಮ್ಮ ಎಣಿಕೆಯಲ್ಲಿ 40, ಅದೇ ಕೆಳಗಿನ ಇ. ಕೊನೆಯದು ಮೀಟಿದ ಜೋರು, 127ರ ಒಳಗೆ. ತಂತಿ ಮುಚ್ಚಿದಾಗ 85 28 ಅಥವಾ 95 28 00 ಬರಬೇಕು, ಎರಡೂ ನೋಟ್ ಆಫೇ. ಹೀಗೆ ನಿಧಾನಕ್ಕೆ ಸರಿ ಬಂದು ವೇಗವಾಗಿ ನುಡಿಸಿದಾಗ ಆಫ್ ಕಾಣೆಯಾದರೆ ಕೇಬಲ್ ಹೊಣೆ. ಎಲ್ಲ ಆಫ್ ಸರಿಯಾಗಿ ಬಂದೂ ಸಿಂಥ್‌ನಲ್ಲಿ ಸ್ವರ ನಿಲ್ಲದಿದ್ದರೆ ಹೋಲ್ಡ್ ಪೆಡಲ್ ನೋಡಿ. ಅದು 64ನೇ ಕಂಟ್ರೋಲ್ ಸಂದೇಶ. ಒತ್ತಿದ್ದು ಮಾತ್ರ ರೆಕಾರ್ಡ್ ಆಗಿ ಬಿಟ್ಟದ್ದು ರೆಕಾರ್ಡ್ ಆಗದಿದ್ದರೆ ಪ್ರತಿ ಸಲ ಪ್ಲೇ ಮಾಡಿದಾಗಲೂ ಸ್ವರ ನೇತಾಡ್ತದೆ.

ಕೇಬಲ್ ಬದಲಿಸುವುದಾದರೆ ರೋಲ್ಯಾಂಡ್ ಯುಎಂ-ಒನ್ ಎಂಕೆ2 ತರದ್ದು, ಅಥವಾ 5 ಪಿನ್ ಮಿಡಿ ಇರುವ ಆಡಿಯೊ ಇಂಟರ್‌ಫೇಸ್. ನಿಮ್ಮ 2ಐ2ರಲ್ಲಿ ಮಿಡಿ ಕಿಂಡಿ ಇಲ್ಲ, 4ಐ4ರಲ್ಲಿ ಉಂಟು. ಇನ್ನೊಂದು ವಿಷಯ: ಇಂಥ ಕೇಬಲಿನ ಎರಡು ಪ್ಲಗ್ಗಿನ ಮೇಲೆ ಬರೆದ ಇನ್, ಔಟ್ ಎಲ್ಲ ಕಂಪನಿಯಲ್ಲೂ ಒಂದೇ ಅರ್ಥದಲ್ಲಿ ಇರುವುದಿಲ್ಲ. ತಂತಿ ಮೀಟಿದಾಗ ದೀಪ ಮಿನುಗದಿದ್ದರೆ ಪ್ಲಗ್ ಅದಲುಬದಲು ಮಾಡಿ ನೋಡಿ, ಎಂತದೂ ಸುಟ್ಟು ಹೋಗುವುದಿಲ್ಲ.

ರೀಪರಿನಲ್ಲಿ ಆಪ್ಶನ್ಸ್, ಪ್ರಿಫರೆನ್ಸಸ್, ಮಿಡಿ ಇನ್‌ಪುಟ್ಸ್ ಒಳಗೆ ಹೋಗಿ ಕೇಬಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಪುಟ್ ಎನೇಬಲ್ ಕೊಡಿ. ಹಳೆಯ ಆವೃತ್ತಿಯಲ್ಲಿ ಆ ಪುಟದ ಹೆಸರು ಮಿಡಿ ಡಿವೈಸಸ್. ಸಿಕ್ಕಿಕೊಂಡ ಸ್ವರ ನಿಲ್ಲಿಸಲು ಆಕ್ಷನ್ ಪಟ್ಟಿಯಲ್ಲಿ ಸೆಂಡ್ ಆಲ್ ನೋಟ್ಸ್ ಆಫ್ ಎಂಬುದನ್ನು ಹುಡುಕಿ ಒಂದು ಕೀಲಿ ಕೊಟ್ಟು ಇಡಿ.

ಮಣಿಪಾಲ ಬಫರ್

ಬೇಸ್ ತಡವಾಗುವುದರ ಬಗ್ಗೆ. ಇದರಲ್ಲಿ ಅರ್ಧ ಭಾಗ ಭೌತವಿಜ್ಞಾನ, ಅದನ್ನು ಯಾವ ಸೆಟ್ಟಿಂಗೂ ಬದಲಿಸಲಾರದು.

ಸ್ವರ ಯಾವುದು ಎಂದು ತಿಳಿಯಬೇಕಾದರೆ ಯಂತ್ರ ಕಂಪನದ ಒಂದೂವರೆಯಿಂದ ಎರಡು ಸುತ್ತು ಕಾಯಬೇಕು. ಆರನೇ ತಂತಿಯ ಇ 82.41 ಹರ್ಟ್ಸ್, ಒಂದು ಸುತ್ತಿಗೆ 12.1 ಮಿಲಿಸೆಕೆಂಡ್. ಎರಡು ಸುತ್ತೆಂದರೆ 24. ಐದನೇ ತಂತಿಗೆ ಒಂದು ಸುತ್ತು 9.1, ನಾಲ್ಕಕ್ಕೆ 6.8, ಮೂರಕ್ಕೆ 5.1, ಎರಡಕ್ಕೆ 4, ಒಂದನೇ ತಂತಿಗೆ ಬರೀ 3. ಇಷ್ಟರ ಮೇಲೆ ಮೀಟಿದ ಕ್ಷಣದ ಪಿಕ್ಕಿನ ಗದ್ದಲ ಇಳಿಯುವ ಹೊತ್ತು ಸೇರುತ್ತದೆ.

ಎರಡನೆಯದು 5 ಪಿನ್ ಮಿಡಿಯ ವೇಗ. 1983ರಲ್ಲಿ ನಿಗದಿಯಾದ ಸೆಕೆಂಡಿಗೆ 31,250 ಬಿಟ್ ಇವತ್ತಿಗೂ ಅದೇ. ಒಂದು ನೋಟ್ ಆನ್‌ಗೆ 3 ಬೈಟ್, ಒಂದೊಂದಕ್ಕೆ 10 ಬಿಟ್, ಒಟ್ಟು 0.96 ಮಿಲಿಸೆಕೆಂಡ್. ಆರು ತಂತಿಯ ಕಾರ್ಡ್, ಒಂದೊಂದಕ್ಕೆ ಒಂದು ಬೆಂಡ್ ಸೇರಿ 12 ಸಂದೇಶ. ಕೊನೆಯ ಸ್ವರ ಹೊರಡುವಷ್ಟರಲ್ಲಿ 11 ಮಿಲಿಸೆಕೆಂಡ್ ದಾಟಿರುತ್ತದೆ. ನೇರ ಯುಎಸ್‌ಬಿಯಲ್ಲಿ ಹೋಗುವ ಪೆಟ್ಟಿಗೆಗಳಲ್ಲಿ ಈ ಸಾಲು ಕಾಯುವ ಕೆಲಸ ಇಲ್ಲ.

ಮೂರನೆಯದು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಸಿ ಕಳಿಸುವ ಸದ್ದಿನ ತುಂಡು), ನಿಮ್ಮ ಕೈಯಲ್ಲಿರುವುದು ಇದು. 48 ಕಿಲೊಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದರೆ 5.3 ಮಿಲಿಸೆಕೆಂಡ್, 128 ಅಂದರೆ 2.7, 64 ಅಂದರೆ 1.3. ಸ್ಕಾರ್ಲೆಟ್ ತಯಾರಿಸುವ ಫೋಕಸ್‌ರೈಟ್ ಕಂಪನಿಯದ್ದೇ ಅಸಿಯೊ (ತಡ ಕಡಿಮೆ ಮಾಡುವ ಆಡಿಯೊ) ಡ್ರೈವರ್ ಹಾಕಿ. ಇಂಟರ್‌ಫೇಸಿಗೆ ಸ್ವಂತ ಡ್ರೈವರ್ ಇರುವಾಗ ಅಸಿಯೊ4ಆಲ್ ಬೇಕಿಲ್ಲ. ನುಡಿಸುವಾಗ 128, ಮಿಕ್ಸ್ ಮಾಡುವಾಗ 512ಕ್ಕೆ ಏರಿಸಿ. 128ರಲ್ಲಿ ಪಟಪಟ ಸದ್ದು ಬಂದರೆ ಯಾವ ಡ್ರೈವರ್ ಅಡ್ಡಿ ಮಾಡುತ್ತದೆಂದು ತೋರಿಸುವ ಲೇಟೆನ್ಸಿಮಾನ್ ಹಾಕಿ ನೋಡಿ. ವೈಫೈ ಡ್ರೈವರಿನ ಹೆಸರು ಅಲ್ಲಿ ಮೇಲೆ ಬಂದರೆ ರೆಕಾರ್ಡ್ ಮಾಡುವಷ್ಟು ಹೊತ್ತು ವೈಫೈ ಆಫ್ ಮಾಡಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಇರಲಿ.

ಬೇಸಿಗೆ ಉಪಾಯ: ಆರನೇ ತಂತಿಯನ್ನು ಬಿಟ್ಟುಬಿಡಿ. ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲೂ ಇ ಇದೆ, ಒಂದು ಸ್ಥಾಯಿ ಮೇಲೆ, ಸುತ್ತಿನ ಅವಧಿ ಅರ್ಧ. ಅಲ್ಲಿ ನುಡಿಸಿ ಟ್ರ್ಯಾಕಿನಲ್ಲಿ 24 ಸೆಮಿಟೋನ್ ಕೆಳಗೆ ಇಳಿಸಿದರೆ ಬೇಸ್ ಗಿಟಾರಿನ ಬಿಡಿ ಇ ಸಿಗುತ್ತದೆ. 12 ಮಿಲಿಸೆಕೆಂಡ್ ಉಳಿತಾಯ. ಕಿವಿಗೆ ಅದು ದೊಡ್ಡ ವ್ಯತ್ಯಾಸ.

ಕುಲಶೇಖರ ಕೋರಸ್

ಮಿಡಿ-ಆಕ್ಸ್‌ನಲ್ಲಿ ವೇಗದ ನುಡಿತಕ್ಕೆ ನೋಟ್ ಆಫ್ ಬೀಳುವುದು ಕಂಡಿತು, ಕೇಬಲೇ. ಸರ್ಜ್‌ನಲ್ಲಿ ಚಾನೆಲ್ 2ರಿಂದ 7 ಮಾಡಿದ ಮೇಲೆ ಕಾರ್ಡ್ ನೆಟ್ಟಗಾಯಿತು. ಈಗ ಉಳಿದದ್ದು: ಮೀಟದ ತಂತಿಯಲ್ಲಿ ಸಣ್ಣ ಸಣ್ಣ ಸ್ವರ ಹುಟ್ಟಿಕೊಳ್ತದೆ. ಮತ್ತೆ ಕೊಳಲಿನ ಟೋನಿನಲ್ಲಿ ಜಾರು ಬೇಕು, ಮೆಟ್ಟಿಲು ಮೆಟ್ಟಿಲಾಗಿ ಕೇಳ್ತದೆ.

ಆರನೇ ತಂತಿ, ಬಿಜೈ

ಘೋಸ್ಟ್ ನೋಟಿಗೆ, ಅಂದರೆ ಮೀಟದೆ ಹುಟ್ಟುವ ಆ ಸ್ವರಗಳಿಗೆ, ನೋಡಬೇಕಾದದ್ದು ಪಿಕಪ್ಪಿನ ಅಂತರ ಮತ್ತು ಸೆನ್ಸಿಟಿವಿಟಿ.

ಜಿಕೆ-3 ಬ್ರಿಡ್ಜಿಗೆ ಆದಷ್ಟು ಹತ್ತಿರ ಇರಬೇಕು. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ನಡುವೆ 1 ಮಿಲಿಮೀಟರ್. ಒಂದನೇ ತಂತಿ, ಆರನೇ ತಂತಿ ಎರಡು ಕಡೆಯೂ ಅಳೆಯಿರಿ, ಎರಡು ತುದಿಗೂ ಬೇರೆ ಬೇರೆ ಸ್ಕ್ರೂ ಉಂಟು. ಪ್ರತಿ ತಂತಿ ಅದರದ್ದೇ ಕಣ್ಣಿನ ನೇರಕ್ಕೆ ಇರಬೇಕು. ಅಡ್ಡ ಜರುಗಿದ್ದರೆ ಪಕ್ಕದ ತಂತಿಯ ಕಂಪನ ಇದರಲ್ಲಿ ಕೇಳ್ತದೆ, ಘೋಸ್ಟ್ ನೋಟಿನ ದೊಡ್ಡ ಮೂಲ ಅದು.

ಆಮೇಲೆ ಸೆನ್ಸಿಟಿವಿಟಿ. ಒಂದೊಂದೇ ತಂತಿಯನ್ನು ನೀವು ಹಾಡಿನಲ್ಲಿ ಮೀಟುವ ಅತಿ ಜೋರಿನಲ್ಲಿ ಮೀಟಿ. ಪೆಟ್ಟಿಗೆಯ ಮೀಟರ್ ತುದಿ ಮುಟ್ಟುವ ಸ್ವಲ್ಪ ಕೆಳಗೆ ನಿಲ್ಲುವಂತೆ ಇಡಿ. ಮೆಲ್ಲ ಮೀಟಿದ್ದು ಸಿಗುವುದಿಲ್ಲ ಅಂತ ಏರಿಸುವುದು ಎಲ್ಲರಿಗೂ ಬರುವ ಆಸೆ, ಆದರೆ ಏರಿಸಿದಷ್ಟೂ ಬೆರಳು ಎತ್ತುವಾಗಿನ ಸದ್ದೂ ಸ್ವರ ಆಗ್ತದೆ. ಸುತ್ತಿದ ತಂತಿ ಮೂರಕ್ಕೂ ಸುತ್ತದ ಮೂರಕ್ಕೂ ಒಂದೇ ಸಂಖ್ಯೆ ಬರುವುದಿಲ್ಲ, ಬಂದರೆ ಪುನಃ ನೋಡಿ.

ಉಳಿದದ್ದು ಕೈಯ ಕೆಲಸ. ನುಡಿಸದ ತಂತಿ ಮುಚ್ಚಿರಬೇಕು. ಪಾಮ್ ಮ್ಯೂಟ್ ಮಾಡಿದರೆ ಸ್ವರದ ಉದ್ದ ಸಾಲದೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ, ಅದನ್ನು ಬಿಡಿ. ಪಿಕ್ಕನ್ನು ಓರೆ ಹಿಡಿದು ತಂತಿ ಕೆರೆದರೆ ಸ್ಥಾಯಿ ತಪ್ಪಿದ ಸ್ವರ ಬರ್ತದೆ.

ಅಂಬಲಪಾಡಿ ಶ್ರುತಿ

ಕೊಳಲಿನ ಜಾರಿಗೆ: ಕ್ರೊಮ್ಯಾಟಿಕ್ ಆಫ್, ಬೆಂಡ್ ರೇಂಜ್ 12, ಸಿಂಥ್‌ನಲ್ಲಿ ಅದೇ 12, ವಾದ್ಯ ಮೊನೊ ಮತ್ತು ಲೆಗಾಟೊ. ಒಂದು ರಾಗದ ಎಳೆ ನುಡಿಸುವಾಗ ಆರು ಚಾನೆಲ್ ಬೇಡ, ಒಂದೇ ತಂತಿಯಲ್ಲಿ ಆದಷ್ಟು ಉದ್ದಕ್ಕೆ ನುಡಿಸಿ. ತಂತಿ ದಾಟಿದಲ್ಲಿ ಹೊಸ ನೋಟ್ ಆನ್ ಬಂದು ಎಳೆ ತುಂಡಾಗುತ್ತದೆ.

ಮಿಡಿಯಲ್ಲಿ ಗಮಕ ಬರುವುದಿಲ್ಲ ಎನ್ನುವವರಿದ್ದಾರೆ. ಲೆಕ್ಕ ನೋಡಿ. ಬೆಂಡ್ 14 ಬಿಟ್, 16,384 ಹಂತ, ನಡುಬಿಂದು 8192. ರೇಂಜ್ 12 ಇಟ್ಟರೆ ಒಂದು ಸೆಮಿಟೋನಿಗೆ ಸುಮಾರು 680 ಹಂತ, ಅಂದರೆ ಒಂದು ಹಂತ 0.15 ಸೆಂಟ್. ಅಷ್ಟು ಸೂಕ್ಷ್ಮವನ್ನು ಕಿವಿ ಬೇರ್ಪಡಿಸಲಾರದು. ಗಮಕ ಹಾಳಾಗುವುದು ಮಿಡಿಯಿಂದಲ್ಲ, ಮೂರು ಬೇರೆ ಕಡೆಯಿಂದ: ಕ್ರೊಮ್ಯಾಟಿಕ್ ಆನ್ ಉಳಿದಿರುವುದು, ಎರಡು ಕಡೆಯ ರೇಂಜ್ ಹೊಂದದಿರುವುದು, ಮತ್ತು ಸ್ಯಾಂಪಲಿನಲ್ಲೇ ವೈಬ್ರಾಟೊ ಸೇರಿರುವುದು. ಕೊನೆಯದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ವೈಬ್ರಾಟೊ ಇರುವ ಕೊಳಲಿನ ಸ್ಯಾಂಪಲಿಗೆ ನೀವು ಕಂಪಿತ ಕೊಟ್ಟರೆ ಎರಡು ಅಲುಗಾಟ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ನಾನ್ ವೈಬ್ರಾಟೊ ಸ್ಯಾಂಪಲ್ ಹುಡುಕಿ.

ತಂತಿಯನ್ನು ಅಡ್ಡ ಎಳೆದು ನುಡಿಸಿದ ಗಮಕ, ಫ್ರೆಟ್ ಮೇಲೆ ಜಾರಿದ್ದಕ್ಕಿಂತ ಚೆನ್ನಾಗಿ ದಾಖಲಾಗುತ್ತದೆ. ಜಾರುವಾಗ ಪ್ರತಿ ಫ್ರೆಟ್ ದಾಟುವಾಗಲೂ ಶ್ರುತಿ ಹಾರುತ್ತದೆ, ಯಂತ್ರ ಅದನ್ನು ಹಾಗೆಯೇ ಬರೆಯುತ್ತದೆ. ತಂತಿ ಒಂದು ಗೇಜ್ ತೆಳು ಮಾಡಿ, 9–42, ಎಳೆಯಲು ಸುಲಭ.

ಆರನೇ ತಂತಿ, ಬಿಜೈ

ಶ್ರುತಿಯವರೇ, 9–42ಕ್ಕೆ ನನ್ನ ಒಪ್ಪಿಗೆ ಇಲ್ಲ. ತೆಳು ತಂತಿ ಜೋರಾಗಿ ಮೀಟಿದ ಕ್ಷಣದಲ್ಲಿ ಶ್ರುತಿ ಮೇಲೆ ಹೋಗಿ ಆಮೇಲೆ ಇಳಿಯುವುದು ಹೆಚ್ಚು. ಬೆಂಡ್ ಆನ್ ಇದ್ದಾಗ ಪ್ರತಿ ಸ್ವರದ ತಲೆಯಲ್ಲೂ ಒಂದು ಚೂರು ಜಾರು ಬರೆದುಹೋಗ್ತದೆ. ಇವರು ಅದೇ ಗಿಟಾರಿನಲ್ಲಿ ಕಾರ್ಡ್, ಬೇಸ್ ಎಲ್ಲ ನುಡಿಸುವವರು, 10–46 ಇರಲಿ.

ಅಂಬಲಪಾಡಿ ಶ್ರುತಿ

ರಾಗದ ಎಳೆಯಲ್ಲಿ ಮೀಟು ಮೆಲ್ಲಗೆ ಇರುತ್ತದೆ, ಒಂದು ಮೀಟಿನಲ್ಲಿ ಮೂರು ನಾಲ್ಕು ಸ್ವರ ಎಳೆಯುತ್ತೇವೆ. ಅಲ್ಲಿ ತಲೆಯ ಜಾರು ತೊಂದರೆ ಕೊಡುವುದಿಲ್ಲ. ಒಂದೇ ಗಿಟಾರಿನಲ್ಲಿ ಎಲ್ಲ ಮಾಡುವುದಾದರೆ ನೀವು ಹೇಳಿದ್ದು ಸರಿ, ಮೇಳದ ಹಾಡಿಗೆ 10–46 ಸಾಕು.

ಕಾಪು ದೀಪಸ್ತಂಭ

ಇದನ್ನೆಲ್ಲ ಓದಿ ಹೊಸಬರು ಹೆದರುವುದು ಬೇಡ. ಜಿಕೆ ಪಿಕಪ್, ಪೆಟ್ಟಿಗೆ ಎಂತದೂ ಇಲ್ಲದೆಯೂ ಆಗ್ತದೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್, ಒಂದು ಆಡಿಯೊ ಇಂಟರ್‌ಫೇಸ್, ಜ್ಯಾಮ್ ಆರಿಜಿನ್‌ನ ಮಿಡಿ ಗಿಟಾರ್ ಎಂಬ ಸಾಫ್ಟ್‌ವೇರ್. ಅದು ಸಾಧಾರಣ ಆಡಿಯೊದಿಂದಲೇ ಕಾರ್ಡನ್ನೂ ಗುರುತು ಹಿಡಿಯುತ್ತದೆ. ಖರೀದಿಗೆ ಮೊದಲು ಟ್ರಯಲ್ ಹಾಕಿ ನೋಡಬಹುದು.

ಇಂಟರ್‌ಫೇಸಿನಲ್ಲಿ ಇನ್ಸ್ಟ್ ಗುಂಡಿ ಒತ್ತಿರಬೇಕು. ಅದು ಗಿಟಾರಿಗೆ ಬೇಕಾದ ಹೈ-ಝೆಡ್ ಇನ್‌ಪುಟ್, ಸುಮಾರು 1 ಮೆಗಾ ಓಮ್. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೇಲಿನ ಸ್ವರಗಳ ಮೊನಚು ಸತ್ತು ಹೋಗ್ತದೆ. ಗೇನನ್ನು ಅತಿ ಜೋರಿನ ಕಾರ್ಡಿಗೆ ಮೈನಸ್ 12 ಡಿಬಿ ಹತ್ತಿರ ಇಡಿ. ಕೆಂಪು ಬಂದರೆ ಟ್ರ್ಯಾಕಿಂಗ್ ಹೋಯಿತು. ನೆಕ್ ಪಿಕಪ್ ಬಳಸಿ, ಅಲ್ಲಿ ಮೂಲಸ್ವರ ಗಟ್ಟಿ, ಸ್ಥಾಯಿ ತಪ್ಪುವುದು ಕಡಿಮೆ. ಎಫೆಕ್ಟ್ ಪೆಡಲ್ ಯಾವುದೂ ನಡುವೆ ಬೇಡ.

ರೀಪರಿನಲ್ಲಿ ಮೂರು ಟ್ರ್ಯಾಕ್ ಮಾಡಿ.

1. ಒಂದನೆಯದರಲ್ಲಿ ಗಿಟಾರಿನ ಆಡಿಯೊ ಇನ್‌ಪುಟ್, ಎಫ್‌ಎಕ್ಸ್‌ನಲ್ಲಿ ಮಿಡಿ ಗಿಟಾರ್ ಪ್ಲಗಿನ್. ರೆಕಾರ್ಡ್ ಮೋಡ್ ಇನ್‌ಪುಟ್. ಮಾಸ್ಟರ್ ಸೆಂಡ್ ಆಫ್.
2. ಎರಡನೆಯದಕ್ಕೆ ಒಂದರಿಂದ ಮಿಡಿ ಮಾತ್ರ ಸೆಂಡ್, ಆಡಿಯೊ ಇಲ್ಲ (None). ಎಫ್‌ಎಕ್ಸ್ ಬೇಡ. ರೆಕಾರ್ಡ್ ಮೋಡಿನಲ್ಲಿ ಔಟ್‌ಪುಟ್ ಒಳಗಿನ ಮಿಡಿ.
3. ಮೂರನೆಯದಕ್ಕೆ ಎರಡರಿಂದ ಮಿಡಿ ಸೆಂಡ್, ಅಲ್ಲಿ ಸಿಂಥ್.

ಒಂದು ಮತ್ತು ಎರಡನ್ನು ಆರ್ಮ್ ಮಾಡಿ (ರೆಕಾರ್ಡಿಗೆ ಸಿದ್ಧ ಮಾಡಿ) ರೆಕಾರ್ಡ್ ಒತ್ತಿದರೆ ಶುದ್ಧ ಆಡಿಯೊ ಬೇರೆ, ಮಿಡಿ ಬೇರೆ ದಾಖಲಾಗ್ತದೆ. ಮುಗಿದ ಮೇಲೆ ಒಂದನೇ ಟ್ರ್ಯಾಕಿನ ಪ್ಲಗಿನ್ ಬೈಪಾಸ್ ಮಾಡಲೇಬೇಕು. ಮಾಡದಿದ್ದರೆ ಪ್ಲೇ ಮಾಡುವಾಗ ದಾಖಲಾದ ಆಡಿಯೊ ಪುನಃ ಮಿಡಿಯಾಗಿ ಪ್ರತಿ ಸ್ವರ ಎರಡೆರಡು ಸಲ ಕೇಳ್ತದೆ, ಫ್ಲ್ಯಾಂಜರ್ ಹಾಕಿದ ಹಾಗೆ.

ಈ ದಾರಿಯ ದೊಡ್ಡ ಲಾಭ ಒಂದುಂಟು, ಅದಕ್ಕೇ ಇಷ್ಟು ಉದ್ದ ಬರೆದದ್ದು. ನುಡಿಸಿದ್ದು ಚೆನ್ನಾಗಿದ್ದು ಮಿಡಿ ಹಾಳಾಗಿದ್ದರೆ ಪುನಃ ನುಡಿಸಬೇಕಾಗಿಲ್ಲ. ಆಡಿಯೊ ಉಂಟಲ್ಲ, ಪ್ಲಗಿನ್ನಿನ ಬೈಪಾಸ್ ತೆಗೆದು ಗೇಟ್ ಬದಲಿಸಿ, ಸೆನ್ಸಿಟಿವಿಟಿ ಬದಲಿಸಿ, ಎರಡನೇ ಟ್ರ್ಯಾಕನ್ನು ಮಾತ್ರ ಆರ್ಮ್ ಮಾಡಿ ಇನ್ನೊಮ್ಮೆ ಓಡಿಸಿ. ಜಿಆರ್-33ರಿಂದ ಬಂದ ಮಿಡಿಯಲ್ಲಿ ಹೀಗೆ ಹಿಂದೆ ಹೋಗಲು ಆಗುವುದಿಲ್ಲ. ಹಾಗಾಗಿ ಪೆಟ್ಟಿಗೆ ಇದ್ದವರೂ ಗಿಟಾರಿನ ಸಾಮಾನ್ಯ ಜ್ಯಾಕನ್ನು 2ಐ2ಗೆ ಚುಚ್ಚಿ ಆಡಿಯೊ ಕೂಡ ಹಿಡಿದಿಡಿ.

ಕಿನ್ನಿಮೂಲ್ಕಿ ನೈಲಾನ್

ನೈಲಾನ್ ತಂತಿಯ ಗಿಟಾರಿಗೆ ಜಿಕೆ-3 ಹಾಕಬಹುದಾ?

ಸುರತ್ಕಲ್ ಸೋಲ್ಡರ್

ಇಲ್ಲ. ಜಿಕೆ-3 ಅಯಸ್ಕಾಂತದ ಪಿಕಪ್, ನೈಲಾನ್ ಅದಕ್ಕೆ ಕಾಣುವುದೇ ಇಲ್ಲ. ಆರು ಬೇರೆ ಬೇರೆ ಪೀಜೊ (ಕಂಪನದ ಒತ್ತಡ ಹಿಡಿಯುವ) ಸ್ಯಾಡಲ್ ಬೇಕು, ಆರ್‌ಎಂಸಿ ಅಥವಾ ಗ್ರಾಫ್‌ಟೆಕ್ ಘೋಸ್ಟ್ ತರದ್ದು. ಗಾಡಿನ್ ಮಲ್ಟಿಯಾಕ್ ನೈಲಾನಿನ ಕೆಲವು ಮಾದರಿಗಳಲ್ಲಿ 13 ಪಿನ್ ಸಮೇತ ಕೂರಿಸಿಯೇ ಬರ್ತದೆ. ಕಂಚು ಸುತ್ತಿದ ಅಕೌಸ್ಟಿಕ್ ತಂತಿಯೂ ಜಿಕೆಗೆ ಒಳ್ಳೆಯದಲ್ಲ. ಒಳಗಿನ ಸ್ಟೀಲ್ ಎಳೆ ಮಾತ್ರ ಅದಕ್ಕೆ ಸಿಗ್ತದೆ, ಸುತ್ತಿದ ತಂತಿಗಳು ಕ್ಷೀಣ. ನಿಮಗೆ ಪೀಜೊ ಇದ್ದ ಗಿಟಾರ್ ಮತ್ತು ಕಾಪುವಿನವರು ಹೇಳಿದ ಸಾಫ್ಟ್‌ವೇರ್ ಸಾಕು.

ಸುರತ್ಕಲ್ ಸೋಲ್ಡರ್

ಸಾಫ್ಟ್‌ವೇರ್ ದಾರಿ ಹಿಡಿಯುವವರಿಗೆ ಈ ಊರಿನಲ್ಲಿ ಕಾಡುವ ಒಂದು ವಿಷಯ. ನುಡಿಸದೆ ಕೂತಿದ್ದರೂ ಜಿ ಸ್ವರ, ಮಿಡಿ ಸಂಖ್ಯೆ 43, ತನ್ನಿಂದ ತಾನೇ ಬರುತ್ತಿದ್ದರೆ ಸಾಫ್ಟ್‌ವೇರನ್ನು ಬೈಯಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಅದರ ಗುಂಯ್ ಸದ್ದಿನಲ್ಲಿ 100 ಹರ್ಟ್ಸ್ ಗಟ್ಟಿಯಾಗಿರ್ತದೆ. ಕೆಳಗಿನ ಜಿ 98 ಹರ್ಟ್ಸ್. ಯಂತ್ರ 100ನ್ನು 35 ಸೆಂಟ್ ಏರಿದ ಜಿ ಅಂತ ಓದ್ತದೆ. 150 ಹರ್ಟ್ಸ್ ಗುಂಯ್ ಇದ್ದರೆ ಡಿ, ಸಂಖ್ಯೆ 50. ಬೇಡದ ಸ್ವರ ಯಾವಾಗಲೂ ಇವೇ ಎರಡು ಆದರೆ ಕಾರಣ ಅರ್ತಿಂಗ್.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ಸ್ವರ ನಿಂತರೆ ಚಾರ್ಜರಿನ ಕಡೆಯಿಂದ. ಎರಡು ಪಿನ್ ಚಾರ್ಜರ್ ಇದ್ದರೆ ಮೂರು ಪಿನ್ನಿನದ್ದು ಬಳಸಿ, ಎಲ್ಲ ಸಾಮಾನು ಒಂದೇ ಬೋರ್ಡಿನಿಂದ ಹೋಗಲಿ. ಅರ್ತ್ ಪಿನ್ ಕತ್ತರಿಸಿ ಗುಂಯ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಲೋಹದ ತಂತಿ ಹಿಡಿದು ಕೂರುವವರು ನಾವು, ಜೀವಕ್ಕೆ ಅಪಾಯ. ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಮಾರ್ಚ್‌ನಿಂದ ಮೇವರೆಗೆ ಅರ್ತ್ ಗುಂಡಿ ಒಣಗಿ ರೆಸಿಸ್ಟೆನ್ಸ್ ಏರ್ತದೆ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಶಿಯನ್ ಹತ್ತಿರ ಅಳತೆ ಮಾಡಿಸಿ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡುವುದಾದರೆ ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಸ್ಕ್ವೇರ್ ವೇವಿನದ್ದು ಗುಂಯ್‌ನ ಮೇಲೆ ಇನ್ನಷ್ಟು ಗುಂಯ್ ಸೇರಿಸ್ತದೆ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವವರು ಅಡಾಪ್ಟರ್ ಮೇಲಿನ ಬರಹ ಓದಿ. ಹೊರದೇಶದಿಂದ ಬಂದ 120 ವೋಲ್ಟಿನದ್ದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಡ್ತದೆ. ಹಳೆಯ ಕೆಲವು ಪೆಟ್ಟಿಗೆಗೆ ಡಿಸಿ ಅಲ್ಲ, ಎಸಿ ಔಟ್‌ಪುಟ್ ಅಡಾಪ್ಟರ್ ಬೇಕು. ಪಿನ್ ಹೊಂದಿತು ಅಂತ ಹಾಕಬೇಡಿ.

ಮಲ್ಪೆ ಉಪ್ಪುಗಾಳಿ

ಮಳೆಗಾಲದ್ದು ಯಾರೂ ಹೇಳಲಿಲ್ಲ. ಜೂನಿನಿಂದ ತೇವಕ್ಕೆ ಗಿಟಾರಿನ ಕುತ್ತಿಗೆ ಅಲ್ಲಾಡ್ತದೆ, ತಂತಿಯ ಎತ್ತರ ಬದಲಾಗ್ತದೆ, ಏಪ್ರಿಲಿನಲ್ಲಿ ಇಟ್ಟ 1 ಮಿಲಿಮೀಟರ್ ಆಟಿ ತಿಂಗಳಲ್ಲಿ 1 ಮಿಲಿಮೀಟರ್ ಆಗಿ ಉಳಿಯುವುದಿಲ್ಲ. ಪುನಃ ಅಳೆಯಿರಿ, ಸೆನ್ಸಿಟಿವಿಟಿ ಪುನಃ ಇಡಿ. ಕಡಲ ಹತ್ತಿರ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯ ಉದ್ದಕ್ಕೂ ಭಾರ ಒಂದೇ ಇರುವುದಿಲ್ಲ, ಹಾರ್ಮೋನಿಕ್ ಸರಿಹೊಂದದೆ ಯಂತ್ರ ಸ್ಥಾಯಿ ತಪ್ಪುತ್ತದೆ. ಸೆಟ್ಟಿಂಗ್ ಬದಲಿಸುವ ಮೊದಲು ತಂತಿ ಬದಲಿಸಿ. 13 ಪಿನ್ ಪ್ಲಗ್ಗಿನ ಪಿನ್ನಿಗೂ ಉಪ್ಪು ಹಿಡಿಯುತ್ತದೆ. ಒಂದು ತಂತಿ ಮಾತ್ರ ಆಗಾಗ ಕಾಣೆಯಾಗುತ್ತಿದ್ದರೆ ಅದೇ ಕಾರಣ ಇರಬಹುದು. ಪವರ್ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ ಚುಚ್ಚಿ. ಆ ಕೇಬಲಿನಲ್ಲೇ ಪಿಕಪ್ಪಿಗೆ ಪವರ್ ಹೋಗುವುದು, ಪೆಟ್ಟಿಗೆ ಆನ್ ಇರುವಾಗ ಕೀಳುವುದು ಚುಚ್ಚುವುದು ಬೇಡ.

ವೈರ್‌ಲೆಸ್ ಫಿಶ್‌ಮನ್ ಟ್ರಿಪಲ್‌ಪ್ಲೇ ಬಳಸುವವರಿಗೆ ಒಂದು ಸಾಲು: ಅದು 2.4 ಗಿಗಾಹರ್ಟ್ಸ್. ರಿಸೀವರನ್ನು ಯುಎಸ್‌ಬಿ 3 ಕಿಂಡಿಗೆ ನೇರ ಚುಚ್ಚಬೇಡಿ, ಆ ಕಿಂಡಿಯಿಂದಲೇ ಅದೇ ಬ್ಯಾಂಡಿನಲ್ಲಿ ಗದ್ದಲ ಹೊರಡುತ್ತದೆ. ಯುಎಸ್‌ಬಿ 2 ಕಿಂಡಿ, ಅಥವಾ ಒಂದು ಎಕ್ಸ್‌ಟೆನ್ಶನ್ ಕೇಬಲಿನಲ್ಲಿ ಸ್ವಲ್ಪ ದೂರ.

ಕುಲಶೇಖರ ಕೋರಸ್

ರೆಕಾರ್ಡ್ ಆದ ಮೇಲೆ ಮಿಡಿ ಕ್ಲೀನ್ ಮಾಡುವ ಕ್ರಮ ಹೇಗೆ? ಕ್ವಾಂಟೈಸ್ ಮಾಡಿದರೆ (ಸ್ವರಗಳನ್ನು ತಾಳದ ಗೆರೆಗೆ ಕೂರಿಸಿದರೆ) ಜಾರು ಎಲ್ಲೆಲ್ಲೋ ಹೋಗ್ತದೆ. ಇದೇ ಫೈಲನ್ನು ಏಬಲ್ಟನ್ ಲೈವ್ ಬಳಸುವವರಿಗೂ ಕೊಡಬೇಕು.

ಮಣಿಪಾಲ ಬಫರ್

ಕ್ವಾಂಟೈಸ್ ನೋಟನ್ನು ಮಾತ್ರ ಸರಿಸುತ್ತದೆ, ಬೆಂಡ್ ಇದ್ದಲ್ಲೇ ಉಳಿಯುತ್ತದೆ. ಬೆಂಡ್ ಇರುವ ಭಾಗವನ್ನು ಕ್ವಾಂಟೈಸ್ ಮಾಡದಿರುವುದು ಒಳ್ಳೆಯದು. ತಾಳಕ್ಕೆ ಕೂರಿಸಬೇಕಾದರೆ ಆ ತುಂಡನ್ನು ಕತ್ತರಿಸಿ ಐಟಮ್ಮಾಗಿ ಸರಿಸಿ, ನೋಟು ಬೆಂಡು ಒಟ್ಟಿಗೆ ಬರುತ್ತವೆ.

ಮೂಲದ ಒಂದು ಪ್ರತಿ ಮ್ಯೂಟ್ ಮಾಡಿ ಇಟ್ಟು ಶುರು ಮಾಡಿ. ಮೊದಲು ಎಕ್ಸ್‌ಪ್ಲೋಡ್ ಎಂಬ ಆಯ್ಕೆಯಿಂದ ಮಿಡಿ ಐಟಮ್ಮನ್ನು ಚಾನೆಲ್ ಪ್ರಕಾರ ಆರು ಮಾಡಿ. ತಂತಿಯ ವಿಳಂಬ ಬೇರೆ ಬೇರೆ ಇರುವುದರಿಂದ ಒಟ್ಟಿಗೆ ಹಿಂದೆ ಎಳೆಯಬಾರದು. ನೀವು ಹಿಡಿದ ಆಡಿಯೊ ಪಕ್ಕದಲ್ಲಿ ಇಟ್ಟುಕೊಂಡು ಅಲೆಯ ಶುರುವಿಗೆ ನೋಟ್ ತಾಗುವ ತನಕ ಸರಿಸಿ. ಆರನೇ ತಂತಿಯನ್ನು 25 ಮಿಲಿಸೆಕೆಂಡ್, ಒಂದನೆಯದನ್ನು 8 ಮಿಲಿಸೆಕೆಂಡ್ ಹಿಂದಕ್ಕೆ ಎಂದು ಆರಂಭಿಸಿ ಕಿವಿಯಿಂದ ತಿದ್ದಿ. ಆಮೇಲೆ 30 ಮಿಲಿಸೆಕೆಂಡಿಗಿಂತ ಗಿಡ್ಡ ಮತ್ತು ವೆಲಾಸಿಟಿ 20ಕ್ಕಿಂತ ಕಡಿಮೆ, ಈ ಎರಡೂ ಆಗಿರುವ ನೋಟ್ ಅಳಿಸಿ. ಒಂದು ಮಾತ್ರ ಆಗಿದ್ದರೆ ಕೇಳಿ ನಿರ್ಧರಿಸಿ, ಮೆಲ್ಲ ನುಡಿಸಿದ ನಿಜವಾದ ಸ್ವರಗಳೂ ಅದರಲ್ಲಿ ಇರುತ್ತವೆ.

ಏಬಲ್ಟನ್‌ಗೆ ಕೊಡುವಾಗ ಆರು ಟ್ರ್ಯಾಕನ್ನು ಆರು ಟ್ರ್ಯಾಕಾಗಿಯೇ ಟೈಪ್ 1 ಮಿಡಿ ಫೈಲಿನಲ್ಲಿ ಕೊಡಿ. ಲೈವ್‌ನ ಕ್ಲಿಪ್ಪಿನಲ್ಲಿ ಚಾನೆಲ್ ಸಂಖ್ಯೆ ಉಳಿಯುವುದಿಲ್ಲ. ಒಂದೇ ಟ್ರ್ಯಾಕಿನಲ್ಲಿ ಕಳಿಸಿದರೆ ಆರು ತಂತಿಯ ಬೆಂಡ್ ಒಂದಾಗಿ ನೀವು ಮೊದಲು ಕೇಳಿದ ಅಲುಗಾಟವೇ ಆ ಕಡೆಯವರಿಗೆ ಕೇಳುತ್ತದೆ. ಜೊತೆಗೆ ಒಂದು ಸಾಲು ಬರೆದು ಕಳಿಸಿ: ಬೆಂಡ್ ರೇಂಜ್ 12, ಬೇಸ್ ಟ್ರ್ಯಾಕ್ 24 ಸೆಮಿಟೋನ್ ಇಳಿಸಬೇಕು. ಮಿಡಿ ಫೈಲ್ ನೋಡಿ ಅವರಿಗೆ ಅದು ತಿಳಿಯುವುದಿಲ್ಲ.